ದೇಹಸಾಧನೆಯೂ ದಾಂಪತ್ಯವೂ



“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆಯನ್ನು ನೀವೆಲ್ಲರೂ ಕೇಳಿದ್ದೀರಿ. ದೇಹದ ಆರೋಗ್ಯವನ್ನೂ ಸಂಸಾರದ ನೆಮ್ಮದಿಯನ್ನೂ ನಮ್ಮ ಹಿರಿಯರು ಒಂದೇ ಉಸಿರಿನಲ್ಲಿ ಹೇಳಿದರು. ಇವೆರಡೂ ಒಂದೇ ಮನೆಯಲ್ಲಿ, ಒಂದೇ ಒಲೆಯ ಸುತ್ತ ಬೆಳೆಯತಕ್ಕವು. ಒಂದನ್ನು ಬೆಳೆಸುವ ಭರದಲ್ಲಿ ಇನ್ನೊಂದನ್ನು ಒಣಗಿಸಬಾರದು.

ಈಚಿನ ವರ್ಷಗಳಲ್ಲಿ ಹಳ್ಳಿಗಳಲ್ಲಿಯೂ ವ್ಯಾಯಾಮದ ಆಸಕ್ತಿ ಹೆಚ್ಚಿದೆ. ಮುಂಜಾನೆ ರಸ್ತೆಯಲ್ಲಿ ಓಡುವ ತರುಣರನ್ನೂ, ಪಟ್ಟಣದ ಜಿಮ್‌ಗೆ ಬೈಕಿನಲ್ಲಿ ಹೋಗಿಬರುವವರನ್ನೂ, ವೈದ್ಯರ ಸಲಹೆಯಂತೆ ನಡಿಗೆ ಆರಂಭಿಸಿದ ನಡುವಯಸ್ಸಿನವರನ್ನೂ ಕಾಣುತ್ತೇವೆ. ಇದು ಸಂತೋಷದ ಸಂಗತಿ. ಆದರೆ ಕೆಲವು ಮನೆಗಳಲ್ಲಿ ಇದೇ ವಿಷಯ ಮನಸ್ತಾಪಕ್ಕೆ ಕಾರಣವಾಗುತ್ತಿದೆ. “ಇವರಿಗೆ ಮೈ ಬೆಳೆಸುವುದೊಂದೇ ಕೆಲಸ” ಎಂದು ಹೆಂಡತಿ ಬೇಸರಪಡುತ್ತಾಳೆ; “ನಾನು ಕುಡಿಯುವುದಿಲ್ಲ, ಇಸ್ಪೀಟು ಆಡುವುದಿಲ್ಲ, ಒಳ್ಳೆಯ ಅಭ್ಯಾಸಕ್ಕೂ ಆಕ್ಷೇಪಣೆಯೇ?” ಎಂದು ಗಂಡ ಕೇಳುತ್ತಾನೆ. ಇಬ್ಬರ ಮಾತಿನಲ್ಲಿಯೂ ನ್ಯಾಯವಿದೆ. ಮುರುಗಮಲ್ಲ ಹೋಬಳಿಯ ಊರುಗಳ ಜೀವನಕ್ರಮವನ್ನು ಎದುರಿಗಿಟ್ಟುಕೊಂಡು ಈ ವಿಷಯವನ್ನು ವಿಚಾರ ಮಾಡೋಣ.

1. ವ್ಯಾಯಾಮ ಏಕೆ ಬೇಕು?

ನಮ್ಮ ಹಿರಿಯರು ಕಪಿಲೆ ಹೊಡೆದು ಬಾವಿಯಿಂದ ನೀರೆತ್ತಿದರು. ರಾಗಿಯನ್ನು ಬೀಸುಕಲ್ಲಿನಲ್ಲಿ ಬೀಸಿದರು. ಸಂತೆಗೆ ನಡೆದೇ ಹೋಗಿಬಂದರು. ಇಂದು ಕೊಳವೆಬಾವಿಯ ಮೋಟಾರು ಗುಂಡಿ ಒತ್ತಿದರೆ ಓಡುತ್ತದೆ. ಉಳುಮೆಗೆ ಟ್ರ್ಯಾಕ್ಟರು ಬರುತ್ತದೆ. ಹಿಟ್ಟಿಗೆ ಗಿರಣಿ ಇದೆ. ಪಕ್ಕದ ಬೀದಿಗೂ ಬೈಕು ಬೇಕಾಗಿದೆ. ಶ್ರಮ ಕಡಿಮೆಯಾದದ್ದು ಒಳ್ಳೆಯದೇ. ಆದರೆ ಶ್ರಮದ ಜೊತೆಗೆ ದೇಹದ ಚಲನೆಯೂ ಕಡಿಮೆಯಾಯಿತು. ಪಟ್ಟಣದ ಕಾಯಿಲೆಗಳೆಂದು ಭಾವಿಸಿದ್ದ ಸಕ್ಕರೆ ಕಾಯಿಲೆ ಮತ್ತು ಅಧಿಕ ರಕ್ತದೊತ್ತಡ ಈಗ ಹಳ್ಳಿಯ ಮನೆಗಳಲ್ಲಿಯೂ ಇವೆ.

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ನೀಡಿದ ಸಲಹೆಯಂತೆ, ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ತೀವ್ರತೆಯ ವ್ಯಾಯಾಮ ಮಾಡಬೇಕು. ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಮಾಡಬೇಕು. 150 ನಿಮಿಷವೆಂದರೆ ದಿನಕ್ಕೆ 30 ನಿಮಿಷದಂತೆ ಐದು ದಿನ. ಇದನ್ನು ಒಂದೇ ಬಾರಿಗೆ ಮಾಡಬೇಕೆಂಬ ನಿಯಮವಿಲ್ಲ. ಬೆಳಿಗ್ಗೆ 15 ನಿಮಿಷ, ಸಂಜೆ 15 ನಿಮಿಷ ನಡೆದರೂ ಸಾಕು.

ಸಾಧಾರಣ ತೀವ್ರತೆ ಎಂದರೇನು? ನಡೆಯುವಾಗ ಮಾತನಾಡಲು ಸಾಧ್ಯವಾಗಬೇಕು, ಆದರೆ ಹಾಡು ಹೇಳುವಷ್ಟು ಉಸಿರು ಇರಬಾರದು. ಇದೇ ಸರಿಯಾದ ವೇಗ. ಗಂಡ ಹೆಂಡಿರು ಜೊತೆಯಾಗಿ ಮಾತನಾಡುತ್ತಾ ಬಿರುಸಾಗಿ ನಡೆದರೆ ವೇಗವನ್ನು ಅಳೆಯಲು ಯಾವ ಯಂತ್ರವೂ ಬೇಕಿಲ್ಲ.

2. ಹೊಲದ ದುಡಿಮೆ ವ್ಯಾಯಾಮವಾಗುತ್ತದೆಯೇ?

ಬಹಳ ಮಂದಿ ಕೇಳುವ ಪ್ರಶ್ನೆ ಇದು. ಅಗೆಯುವುದು, ಕಳೆ ಕೀಳುವುದು, ಸೊಪ್ಪು ಕತ್ತರಿಸಿ ಹೊರುವುದು ಇವೆಲ್ಲವೂ ದೇಹದ ಚಲನೆಯೇ. ದಿನವೂ ಹೀಗೆ ದುಡಿಯುವವರು ಮತ್ತೆ ಬೇರೆಯಾಗಿ ಓಡಬೇಕಾದ ಅಗತ್ಯವಿಲ್ಲ. ಆದರೆ ದುಡಿಮೆಗೂ ವ್ಯಾಯಾಮಕ್ಕೂ ಎರಡು ವ್ಯತ್ಯಾಸಗಳಿವೆ.

ಮೊದಲನೆಯದಾಗಿ, ದುಡಿಮೆ ಒಂದೇ ಭಾಗವನ್ನು ಮತ್ತೆ ಮತ್ತೆ ದಣಿಸುತ್ತದೆ. ದಿನವಿಡೀ ಬಗ್ಗಿ ಟೊಮೆಟೊ ಬಿಡಿಸುವ ಹೆಣ್ಣುಮಗಳ ನಡು ನೋಯುತ್ತದೆಯೇ ಹೊರತು ಬಲಗೊಳ್ಳುವುದಿಲ್ಲ. ಅಂಥವರಿಗೆ ಬೇಕಾದದ್ದು ಹೆಚ್ಚು ಶ್ರಮವಲ್ಲ. ನಡುವನ್ನೂ ಭುಜವನ್ನೂ ನಿಧಾನವಾಗಿ ಹಿಗ್ಗಿಸುವ ಹತ್ತು ನಿಮಿಷ ಮತ್ತು ನಿಶ್ಚಿಂತೆಯ ವಿಶ್ರಾಂತಿ. ಎರಡನೆಯದಾಗಿ, ದುಡಿಮೆಯನ್ನು ನಿಲ್ಲಿಸುವ ಸ್ವಾತಂತ್ರ್ಯ ನಮಗಿರುವುದಿಲ್ಲ. ವ್ಯಾಯಾಮದಲ್ಲಿ ದಣಿದಾಗ ಕೂರಬಹುದು. ಹಾಲು ಕರೆಯುವ ಹೊತ್ತಿನಲ್ಲಿ ಕೂರಲಾಗದು.

ಇಲ್ಲಿ ಇನ್ನೊಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ರಕ್ತ ಕಡಿಮೆ ಇರುವವರಿಗೆ ನಾಲ್ಕು ಹೆಜ್ಜೆ ಬಿರುಸಾಗಿ ನಡೆದರೂ ಎದೆ ಬಡಿದುಕೊಳ್ಳುತ್ತದೆ, ಉಸಿರು ಕಟ್ಟುತ್ತದೆ. ಅದನ್ನು ಸೋಮಾರಿತನವೆಂದು ಭಾವಿಸಬೇಡಿರಿ. ಗರ್ಭಿಣಿಯಲ್ಲದ ಸ್ತ್ರೀಯ ರಕ್ತದಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆಯಾಗಬೇಕು. ವ್ಯಾಯಾಮವನ್ನು ಅನಂತರ ನಿಧಾನವಾಗಿ ಹೆಚ್ಚಿಸಬೇಕು. ಕಬ್ಬಿಣಾಂಶದ ಮಾತ್ರೆಯನ್ನು ಕಾಫಿ, ಚಹಾದ ಜೊತೆ ನುಂಗದೆ ನಿಂಬೆ ಪಾನಕದೊಡನೆ ತೆಗೆದುಕೊಂಡರೆ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ.

3. ಆ ಒಂದು ಗಂಟೆ ಎಲ್ಲಿಂದ ಬಂತು?

ಒಂದು ಮನೆಯನ್ನು ಕಲ್ಪಿಸಿಕೊಳ್ಳಿರಿ. ಎರಡು ಸೀಮೆಹಸು, ಒಂದು ಎಕರೆ ಹಿಪ್ಪುನೇರಳೆ ತೋಟ, ಎರಡು ಮಕ್ಕಳು, ವಯಸ್ಸಾದ ಅತ್ತೆ. ಗಂಡ ಬೆಳಗಿನ ಐದು ಗಂಟೆಗೆ ಎದ್ದು ವ್ಯಾಯಾಮಕ್ಕೆ ಹೋಗಿ ಏಳಕ್ಕೆ ಬರುತ್ತಾನೆ. ಆ ಎರಡು ಗಂಟೆಯಲ್ಲಿ ಹೆಂಡತಿ ಕೊಟ್ಟಿಗೆ ಗುಡಿಸಿ, ಹಾಲು ಕರೆದು, ಡೇರಿಗೆ ಹಾಕಿ, ಒಲೆ ಹಚ್ಚಿ, ಮಕ್ಕಳನ್ನು ಎಬ್ಬಿಸಿರುತ್ತಾಳೆ. ಗಂಡ ಬಂದೊಡನೆ ಬಿಸಿನೀರೂ ತಿಂಡಿಯೂ ಸಿದ್ಧವಾಗಿರಬೇಕು. ಗಂಡನ ದೃಷ್ಟಿಯಲ್ಲಿ ಅದು ಅವನ ಸ್ವಂತ ಸಮಯ. ನಿಜವಾಗಿ ನೋಡಿದರೆ ಅದು ಹೆಂಡತಿಯ ಹೊತ್ತಿನಿಂದ ತೆಗೆದುಕೊಂಡ ಸಾಲ.

ಇದು ಒಂದೆರಡು ಮನೆಗಳ ಮಾತಲ್ಲ. ಭಾರತ ಸರ್ಕಾರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರಲ್ಲಿ, ಜನರು ದಿನದ 24 ಗಂಟೆಯನ್ನು ಹೇಗೆ ಕಳೆಯುತ್ತಾರೆಂದು ದೇಶಾದ್ಯಂತ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ್ದ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ, ಎಂದರೆ ಸುಮಾರು ಐದು ಗಂಟೆ ಕಳೆಯುತ್ತಿದ್ದರು. ಮನೆಗೆಲಸದಲ್ಲಿ ತೊಡಗಿದ್ದ ಪುರುಷರು ಕಳೆಯುತ್ತಿದ್ದುದು 97 ನಿಮಿಷ. ಅಂಥ ಪುರುಷರಾದರೂ ನೂರಕ್ಕೆ ಸುಮಾರು 26 ಮಂದಿ ಮಾತ್ರ ಇದ್ದರು.

ಆದುದರಿಂದ ಹೆಂಡತಿಯ ಬೇಸರಕ್ಕೆ ವ್ಯಾಯಾಮವು ಕಾರಣವಲ್ಲ. ತನಗೆ ಅಂಥ ಹೊತ್ತು ಇಲ್ಲದಿರುವುದು ಕಾರಣ. ಇದನ್ನು ಅರಿಯದೆ ವಾದಿಸುತ್ತಾ ಹೋದರೆ ಸಂಸಾರವು “ಎತ್ತು ಏರಿಗೆ, ಕೋಣ ನೀರಿಗೆ” ಎಂಬಂತಾಗುತ್ತದೆ. ಪರಿಹಾರ ಸರಳವಾಗಿದೆ: ವ್ಯಾಯಾಮದ ಹೊತ್ತನ್ನು ಒಬ್ಬರ ಲೆಕ್ಕಕ್ಕೆ ಬರೆಯದೆ ಇಬ್ಬರ ಲೆಕ್ಕಕ್ಕೂ ಬರೆಯಬೇಕು. ಗಂಡ ಒಂದು ಗಂಟೆ ತೆಗೆದುಕೊಂಡರೆ ಅದೇ ದಿನ ಹೆಂಡತಿಗೂ ಒಂದು ಗಂಟೆ ಬಿಡುವು ಸಿಗಬೇಕು. ಆ ಗಂಟೆಯಲ್ಲಿ ಆಕೆ ನಡೆಯಬಹುದು, ಆಸನ ಮಾಡಬಹುದು, ಸುಮ್ಮನೆ ಮಲಗಲೂಬಹುದು. ಏನು ಮಾಡಬೇಕೆಂಬುದು ಆಕೆಗೆ ಸೇರಿದ್ದು. ಆಗ ಹಸು, ಮಗು, ಒಲೆ ಇವುಗಳ ಹೊಣೆ ಗಂಡನದು.

4. ಗರಡಿಯ ಒಂದು ನಂಬಿಕೆ

ನಮ್ಮ ನಾಡಿನಲ್ಲಿ ದೇಹಸಾಧನೆ ಹೊಸತಲ್ಲ. ಊರೂರಿನಲ್ಲಿ ಗರಡಿಮನೆಗಳಿದ್ದವು, ಸಾಮು, ದಂಡೆ, ಬಸ್ಕಿ, ಗದೆ ತಿರುಗಿಸುವುದು ತರುಣರ ನಿತ್ಯಕರ್ಮವಾಗಿತ್ತು. ಹಿಂದಿನ ಅವಿಭಜಿತ ಕೋಲಾರ ಜಿಲ್ಲೆಯ ದೇವರಾಯಸಮುದ್ರದಿಂದ ಬಂದ ಕೆ. ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿ ನಾಡಿನಾಚೆಗೂ ಹೆಸರಾದರು. ಸೂರ್ಯನಮಸ್ಕಾರವನ್ನೂ ಭಾರ ಎತ್ತುವ ವ್ಯಾಯಾಮವನ್ನೂ ಜೊತೆಗೂಡಿಸಿ ಕಲಿಸಿದವರು ಅವರು. ಅವರೇ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದರು. ನಾಟಕ ಕಲೆಗೂ ಬೆಂಬಲವಾಗಿ ನಿಂತರು. ದೇಹಸಾಧನೆಯು ತುಂಬು ಬಾಳಿನ ಒಂದು ಭಾಗವಾಗಿರಬಲ್ಲದು ಎಂಬುದಕ್ಕೆ ಅವರ ಜೀವನವೇ ನಿದರ್ಶನ.

ಆದರೆ ಗರಡಿಯ ಸಂಪ್ರದಾಯದೊಡನೆ ಒಂದು ನಂಬಿಕೆಯೂ ಬೆಳೆದು ಬಂದಿದೆ. ವೀರ್ಯವೇ ಬಲ, ಅದು ಹೋದರೆ ಬಲವೂ ಹೋಗುತ್ತದೆ, ಆದುದರಿಂದ ಸಾಮು ಮಾಡುವವನು ಹೆಂಡತಿಯಿಂದ ದೂರವಿರಬೇಕು ಎಂಬುದೇ ಆ ನಂಬಿಕೆ. ಇದನ್ನು ನಂಬಿ ಹೊಸದಾಗಿ ಮದುವೆಯಾದ ಕೆಲವು ತರುಣರು ಬೇರೆ ಮಲಗುತ್ತಾರೆ. ಕಾರಣ ತಿಳಿಯದ ಹುಡುಗಿ “ನನ್ನಲ್ಲೇ ಏನೋ ಕೊರತೆ” ಎಂದು ಒಳಗೊಳಗೇ ಕೊರಗುತ್ತಾಳೆ. ವರ್ಷವಾದರೂ ಬಸಿರಾಗಲಿಲ್ಲವೆಂದು ಮನೆಯವರು ಆಕೆಯನ್ನೇ ದೂರುತ್ತಾರೆ.

ವೈದ್ಯಶಾಸ್ತ್ರವು ಈ ನಂಬಿಕೆಯನ್ನು ಒಪ್ಪುವುದಿಲ್ಲ. ಆರೋಗ್ಯವಂತ ಪುರುಷನ ವೃಷಣಗಳಲ್ಲಿ ಪ್ರತಿದಿನವೂ ಕೋಟಿಗಟ್ಟಲೆ ವೀರ್ಯಾಣುಗಳು ಹುಟ್ಟುತ್ತಲೇ ಇರುತ್ತವೆ. ತೋಳಿನ ಬಲ ಬರುವುದು ಸ್ನಾಯುವಿನಿಂದ, ಸ್ನಾಯು ಬೆಳೆಯುವುದು ಆಹಾರ, ಅಭ್ಯಾಸ, ನಿದ್ರೆಗಳಿಂದ. ದಂಪತಿಗಳ ಸಹಜ ಕೂಡುವಿಕೆಯಿಂದ ಇವಾವುದಕ್ಕೂ ಹಾನಿಯಿಲ್ಲ. ಹಿತಮಿತವಾದ ವ್ಯಾಯಾಮದಿಂದ ರಕ್ತಸಂಚಾರ ಸರಾಗವಾಗಿ, ಚಿಂತೆ ಕಡಿಮೆಯಾಗಿ, ನಿದ್ರೆ ಚೆನ್ನಾಗಿ ಬಂದು ದಾಂಪತ್ಯ ಸುಖಕ್ಕೆ ಸಹಾಯವೇ ಆಗುತ್ತದೆ. ಆದರೆ ಮೈ ಮುರಿಯುವಷ್ಟು ವ್ಯಾಯಾಮ ಮಾಡಿ ದಿನವೂ ಬಳಲಿ ಬೀಳುವವನಿಗೆ ಹೆಂಡತಿ ಮಕ್ಕಳೊಡನೆ ಎರಡು ಮಾತನಾಡುವ ಚೈತನ್ಯವೂ ಉಳಿಯುವುದಿಲ್ಲ. ಆಗ ವ್ಯಾಯಾಮವನ್ನು ಕಡಿಮೆ ಮಾಡಬೇಕೆಂದು ತಿಳಿಯಿರಿ.

5. ಪುರುಷರ ಸಂತಾನ ನಿರೋಧ ಶಸ್ತ್ರಚಿಕಿತ್ಸೆ ಮತ್ತು ಮೈಬಲ

ಮೇಲಿನ ನಂಬಿಕೆಯ ಇನ್ನೊಂದು ಕೊಂಬೆ ಇದು. “ಗಂಡಸರು ಆಪರೇಷನ್ ಮಾಡಿಸಿಕೊಂಡರೆ ಭಾರ ಎತ್ತಲಾಗದು” ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಇದರಿಂದಾಗಿ, ಸಾಕೆನಿಸುವಷ್ಟು ಮಕ್ಕಳಾದ ಮೇಲೆ ಶಸ್ತ್ರಚಿಕಿತ್ಸೆಯ ಹೊರೆ ಯಾವಾಗಲೂ ಹೆಂಡತಿಯ ಮೇಲೆಯೇ ಬೀಳುತ್ತದೆ.

ಪುರುಷರ ಶಸ್ತ್ರಚಿಕಿತ್ಸೆಯಲ್ಲಿ ವೀರ್ಯಾಣುಗಳನ್ನು ಸಾಗಿಸುವ ಎರಡು ಸಣ್ಣ ನಾಳಗಳನ್ನು ಮಾತ್ರ ಮುಚ್ಚಲಾಗುತ್ತದೆ. ಗಂಡಸುತನವನ್ನೂ ಸ್ನಾಯುಬಲವನ್ನೂ ಕಾಪಾಡುವ ರಸದೂತ ನೇರವಾಗಿ ರಕ್ತಕ್ಕೆ ಸೇರುವುದರಿಂದ ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಚಾಕು ಬಳಸದ ಈ ವಿಧಾನದಲ್ಲಿ ಹೊಲಿಗೆಯೂ ಬೇಕಾಗುವುದಿಲ್ಲ. ಎರಡು ದಿನದ ಅನಂತರ ಹಗುರ ಕೆಲಸಕ್ಕೆ ಮರಳಬಹುದು. ಸೈಕಲ್ ತುಳಿಯುವುದು, ಭಾರ ಎತ್ತುವುದು, ಸಾಮು ಮಾಡುವುದು ಒಂದು ವಾರದ ಅನಂತರ ಸಾಧ್ಯ. ಒಂದು ಎಚ್ಚರಿಕೆ: ಶಸ್ತ್ರಚಿಕಿತ್ಸೆಯಾದ ಕೂಡಲೇ ಅದು ಫಲಕಾರಿಯಾಗುವುದಿಲ್ಲ. ಮೂರು ತಿಂಗಳು ನಿರೋಧ್ ಬಳಸಿ, ಅನಂತರ ವೀರ್ಯ ಪರೀಕ್ಷೆ ಮಾಡಿಸಿ, ವೀರ್ಯಾಣುಗಳಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಸ್ತ್ರೀಯರ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಯನ್ನು ತೆರೆಯಬೇಕಾಗುತ್ತದೆ. ಹಗುರ ಕೆಲಸಕ್ಕೆ ಎರಡು ದಿನ, ಪೂರ್ಣ ದುಡಿಮೆಗೆ ಎರಡು ವಾರ ಬೇಕು. ಎರಡನ್ನೂ ತೂಗಿ ನೋಡಿ, ಇಬ್ಬರೂ ಕೂತು ತೀರ್ಮಾನಿಸಿರಿ.

6. ಊಟದ ಪಾಲು

ವ್ಯಾಯಾಮ ಆರಂಭಿಸಿದ ತರುಣರು ಮೊದಲು ಕೇಳುವುದು ಡಬ್ಬಿಯಲ್ಲಿ ಬರುವ ಪ್ರೋಟೀನ್ ಪುಡಿಯನ್ನು. ಅದರ ಬೆಲೆ ಸಾವಿರಾರು ರೂಪಾಯಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ 65 ಕಿಲೋ ತೂಕದ ಪುರುಷನಿಗೆ ದಿನಕ್ಕೆ 54 ಗ್ರಾಂ, 55 ಕಿಲೋ ತೂಕದ ಸ್ತ್ರೀಗೆ ಸುಮಾರು 46 ಗ್ರಾಂ ಪ್ರೋಟೀನ್ ಸಾಕು. ಎರಡು ರಾಗಿಮುದ್ದೆ, ಒಂದು ಊಟದ ಅನ್ನ, ಹುರುಳಿ ಅಥವಾ ಅವರೆಕಾಳಿನ ಸಾರು, ಒಂದು ಹಿಡಿ ಕಡಲೆಕಾಯಿ, ಒಂದು ಲೋಟ ಹಾಲು, ಒಂದು ಕೋಳಿಮೊಟ್ಟೆ ಇಷ್ಟರಲ್ಲಿ ಹೆಚ್ಚುಕಡಿಮೆ ಇದು ದೊರೆಯುತ್ತದೆ. ಸಾರಿನಲ್ಲಿ ನೀರಿಗಿಂತ ಕಾಳು ಹೆಚ್ಚಿರಬೇಕು, ಅಷ್ಟೆ. ಮೊಟ್ಟೆ ತಿನ್ನದವರು ಬೇಳೆಯನ್ನೂ ಮೊಸರನ್ನೂ ಹೆಚ್ಚಿಸಿಕೊಳ್ಳಬಹುದು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣಾಂಶವಿದೆ. ಮೂಳೆಗೆ ಇದಕ್ಕಿಂತ ಒಳ್ಳೆಯ ಧಾನ್ಯ ದೊರೆಯುವುದು ಕಷ್ಟ.

ಆದರೆ ಮೊಟ್ಟೆ ಯಾರ ತಟ್ಟೆಗೆ ಬೀಳುತ್ತದೆ? ಮನೆಯ ಹಾಲೆಲ್ಲ ಡೇರಿಗೆ ಹೋಗಿ, ಉಳಿದ ಲೋಟ ವ್ಯಾಯಾಮ ಮಾಡುವ ಗಂಡನಿಗೆ ಹೋದರೆ, ಎಲ್ಲರೂ ಉಂಡ ಮೇಲೆ ತಳದ ಸಾರಿನಲ್ಲಿ ಮುದ್ದೆ ಮುಗಿಸುವ ಹೆಂಡತಿಗೆ ಉಳಿಯುವುದೇನು? ರಕ್ತಹೀನತೆಯ ಬೇರು ಅನೇಕ ಮನೆಗಳಲ್ಲಿ ಇಲ್ಲಿಯೇ ಇದೆ. ಇಬ್ಬರೂ ಒಂದೇ ಹೊತ್ತಿಗೆ ಕೂತು ಉಣ್ಣಿರಿ. ಸಾರಿನ ಕಾಳು ಇಬ್ಬರ ತಟ್ಟೆಗೂ ಸಮನಾಗಿ ಬೀಳಲಿ.

ಬೇಗ ಮೈ ಬೆಳೆಯಲೆಂದು ಸ್ಟಿರಾಯ್ಡ್ ಚುಚ್ಚುಮದ್ದು, ಮಾತ್ರೆಗಳನ್ನು ಕೊಡುವವರೂ ಇದ್ದಾರೆ. ಇವುಗಳನ್ನು ಸರ್ವಥಾ ಮುಟ್ಟಬಾರದು. ಹೊರಗಿನಿಂದ ಪುರುಷ ರಸದೂತ ಸೇರಿದಾಗ ದೇಹವು ತನ್ನದೇ ಉತ್ಪತ್ತಿಯನ್ನು ನಿಲ್ಲಿಸುತ್ತದೆ. ವೀರ್ಯಾಣುಗಳು ಕಡಿಮೆಯಾಗುತ್ತವೆ, ಕೆಲವರಲ್ಲಿ ಇಲ್ಲವೇ ಆಗುತ್ತವೆ. ಯಕೃತ್ತಿಗೂ ಹೃದಯಕ್ಕೂ ಅಪಾಯ, ಸಿಟ್ಟು ಸಿಡುಕೂ ಹೆಚ್ಚು. ಮಕ್ಕಳಾಗಲಿಲ್ಲವೆಂದು ಬರುವ ದಂಪತಿಗಳಲ್ಲಿ ಗಂಡನು ಇಂಥ ಔಷಧ ತೆಗೆದುಕೊಂಡಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಬೇಕು.

7. ಗರ್ಭಿಣಿ ಮತ್ತು ಬಾಣಂತಿಯ ಕಾಲ

ತೊಂದರೆಯಿಲ್ಲದ ಬಸಿರಿನಲ್ಲಿ ನಡಿಗೆ ಹಾಗೂ ಹಗುರವಾದ ವ್ಯಾಯಾಮ ತಾಯಿಗೂ ಮಗುವಿಗೂ ಹಿತಕರ. ಆದರೆ ನೀರಿನ ಕೊಡ, ಸೊಪ್ಪಿನ ಹೊರೆ, ಗೊಬ್ಬರದ ಮಂಕರಿ ಇವುಗಳನ್ನು ಹೊರುವುದನ್ನು ವ್ಯಾಯಾಮವೆಂದು ಎಣಿಸಬಾರದು. ಇವು ಗಂಡನ ಪಾಲಿಗೆ ಬರಬೇಕು. ಗಂಡನಿಗೆ ಭಾರ ಎತ್ತುವ ಸಾಧನೆ ಬೇಕಿದ್ದರೆ ಆ ಒಂಬತ್ತು ತಿಂಗಳು ಮನೆಯಲ್ಲಿಯೇ ಅದಕ್ಕೆ ಬೇಕಾದಷ್ಟು ಅವಕಾಶವಿದೆ. ನೆಗೆತ, ಬೀಳುವ ಭಯವಿರುವ ಆಟ, ನಾಲ್ಕು ತಿಂಗಳ ಅನಂತರ ಬಹಳ ಹೊತ್ತು ಅಂಗಾತ ಮಲಗಿ ಮಾಡುವ ವ್ಯಾಯಾಮ ಇವನ್ನು ಬಿಡಬೇಕು. ರಕ್ತ ಅಥವಾ ನೀರು ಹೋಗುವುದು, ತಲೆಸುತ್ತು, ಎದೆನೋವು, ಹೊಟ್ಟೆ ಬಿಗಿದು ನೋಯುವುದು, ಮಗುವಿನ ಚಲನೆ ಕಡಿಮೆಯಾಗುವುದು ಕಂಡುಬಂದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ವಾಹನಕ್ಕೆ 108ಕ್ಕೆ ಕರೆ ಮಾಡಿರಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ನಡೆಯುತ್ತದೆ. ಅಂದು ಗಂಡನೂ ಜೊತೆಯಲ್ಲಿ ಹೋಗಲಿ.

ಹೆರಿಗೆಯ ಅನಂತರ “ಹೊಟ್ಟೆ ಇಳಿಯಲಿಲ್ಲ, ಮೊದಲಿನಂತಿಲ್ಲ” ಎಂಬ ಮಾತನ್ನು ಗಂಡನಾಗಲಿ ಅತ್ತೆಯಾಗಲಿ ಆಡಬಾರದು. ಒಂಬತ್ತು ತಿಂಗಳು ಹಿಗ್ಗಿದ ದೇಹ ಒಂಬತ್ತು ವಾರದಲ್ಲಿ ಹಿಂದಿನಂತಾಗದು. ಸಹಜ ಹೆರಿಗೆಯಾದವರು ಕೆಲವು ದಿನಗಳಲ್ಲಿ ನಿಧಾನ ನಡಿಗೆ ಆರಂಭಿಸಬಹುದು. ಸಿಸೇರಿಯನ್ ಆದವರು ಆರು ವಾರದ ತಪಾಸಣೆಯಲ್ಲಿ ವೈದ್ಯರನ್ನು ಕೇಳಿಯೇ ವ್ಯಾಯಾಮ ಮಾಡಬೇಕು. ಬಾಣಂತಿಯು ಬೇಗ ಭಾರ ಎತ್ತಿದರೆ ಗರ್ಭಕೋಶ ಜಾರುವ ಸಂಭವ ಹೆಚ್ಚು. ಕೆಳಹೊಟ್ಟೆಯ ತಳದ ಸ್ನಾಯುಗಳಿಗೆ ಒಂದು ಸುಲಭ ವ್ಯಾಯಾಮವಿದೆ: ಮೂತ್ರವನ್ನು ತಡೆಹಿಡಿಯುವಂತೆ ಒಳಕ್ಕೆ ಬಿಗಿಹಿಡಿದು ಐದು ಎಣಿಸಿ ಸಡಿಲಿಸುವುದು. ಹತ್ತು ಬಾರಿಯಂತೆ ದಿನಕ್ಕೆ ಮೂರು ಸಲ, ಮಗುವಿಗೆ ಹಾಲೂಡಿಸುತ್ತಲೂ ಮಾಡಬಹುದು. ಹಿತಮಿತವಾದ ವ್ಯಾಯಾಮದಿಂದ ಎದೆಹಾಲು ಕಡಿಮೆಯಾಗುವುದಿಲ್ಲ.

ತಾಯಿಯ ದೇಹ ಪೂರ್ಣವಾಗಿ ಚೇತರಿಸಿಕೊಳ್ಳಲು ಎರಡು ಮಕ್ಕಳ ನಡುವೆ ಮೂರು ವರ್ಷಗಳ ಅಂತರವಿರಲಿ. ಅಂತರವಿಲ್ಲದ ಬಸಿರುಗಳಿಂದ ಸೊರಗಿದ ದೇಹವನ್ನು ಯಾವ ವ್ಯಾಯಾಮವೂ ಸರಿಪಡಿಸಲಾರದು.

8. ಬೆಳೆಯ ಕಾಲಕ್ಕೆ ಬಾಗುವ ನಿಯಮ

ನಮ್ಮ ಕಡೆ ರೇಷ್ಮೆ ಸಾಕುವ ಮನೆಗಳು ಬಹಳ. ಹುಳು ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಸುಮಾರು ಒಂದು ವಾರ ಅದರ ಹಸಿವಿಗೆ ಮಿತಿಯಿಲ್ಲ. ತನ್ನ ಇಡೀ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80 ಭಾಗಕ್ಕೂ ಹೆಚ್ಚನ್ನು ಆಗಲೇ ತಿನ್ನುತ್ತದೆ. ಸೊಪ್ಪು ಕೊಯ್ಯಬೇಕು, ಹೊರಬೇಕು, ಹೊತ್ತು ಹೊತ್ತಿಗೆ ಹಾಕಬೇಕು. ಹುಳು ಹಣ್ಣಾದೊಡನೆ ಚಂದ್ರಿಕೆಗೆ ಬಿಡಬೇಕು. ಆ ವಾರದಲ್ಲಿ “ನನ್ನ ವ್ಯಾಯಾಮ ತಪ್ಪಬಾರದು” ಎಂದು ಗಂಡನು ಹೊರಟರೆ, ರಾತ್ರಿಯೆಲ್ಲ ಹುಳುಮನೆಯಲ್ಲಿದ್ದ ಹೆಂಡತಿಗೆ ಹೇಗಾಗಬೇಡ?

ನಿಯಮವು ಮನೆಗಾಗಿ ಇರಬೇಕು. ಹುಳು ದೊಡ್ಡದಾದ ವಾರ, ರಾಗಿ ಕೊಯ್ಲಿನ ವಾರ, ಮನೆಯಲ್ಲಿ ಕಾಯಿಲೆ ಬಿದ್ದ ವಾರ ವ್ಯಾಯಾಮ ನಿಂತರೆ ಗಳಿಸಿದ ಬಲವೇನೂ ಕರಗಿಹೋಗದು. ಆ ದಿನಗಳಲ್ಲಿ ಇಬ್ಬರಿಗೂ ಅತಿ ಅವಶ್ಯವಾದದ್ದು ನಿದ್ರೆ. ಸರದಿಯಂತೆ ಮಲಗಿರಿ: ಒಬ್ಬರು ಸೊಪ್ಪು ಹಾಕುವಾಗ ಇನ್ನೊಬ್ಬರು ಮಲಗಲಿ. ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದ ಮರುದಿನ ನಡಿಗೆಯನ್ನು ಮತ್ತೆ ಆರಂಭಿಸಬಹುದು.

9. ಮಾತು ಬಲ್ಲವರಿಗೆ ಜಗಳವಿಲ್ಲ

ಹೆಂಡತಿ ನಡಿಗೆಗೆ ಹೊರಟರೆ “ಹೆಂಗಸಿಗೆ ಇದೆಲ್ಲ ಏಕೆ?” ಎಂದು ಬೀದಿಯಲ್ಲಿ ಯಾರಾದರೂ ಅನ್ನಬಹುದು. ಗಂಡನು ಆಗ ಮೌನವಾಗಿದ್ದರೆ ಆ ಮಾತಿಗೆ ಒಪ್ಪಿಗೆ ಕೊಟ್ಟಂತೆ. “ಡಾಕ್ಟರು ಹೇಳಿದ್ದಾರೆ, ನಾನೂ ಜೊತೆಯಲ್ಲಿ ಹೋಗುತ್ತೇನೆ” ಎಂದು ಹೇಳಿದರೆ ಬೀದಿಯ ಬಾಯಿ ತಾನೇ ಮುಚ್ಚುತ್ತದೆ. ಒಬ್ಬಳೇ ಹೋಗಲು ಸಂಕೋಚವಾದರೆ ಸ್ತ್ರೀಶಕ್ತಿ ಸಂಘದ ನಾಲ್ಕು ಮಂದಿ ಕೂಡಿ ಹೋಗಬಹುದು. ಮುರುಗಮಲ್ಲದ ದರ್ಗಾಕ್ಕೂ ಮುಕ್ತೀಶ್ವರನ ಗುಡಿಗೂ ನಡೆದು ಬರುವುದನ್ನು ಯಾರೂ ತಪ್ಪೆಣಿಸುವುದಿಲ್ಲ. ಆ ದಾರಿಯೇ ನಡಿಗೆಯ ದಾರಿಯೂ ಆಗಲಿ.

ಬೇಸರವನ್ನು ಹೇಳುವುದಕ್ಕೂ ಒಂದು ಕ್ರಮವಿದೆ. ದಣಿದು ಬಂದಾಗ, ಉಣ್ಣುತ್ತಿರುವಾಗ, ಬಂಧುಗಳೆದುರಿಗೆ ಹೇಳಬಾರದು. “ನೀವು ಯಾವಾಗಲೂ ಹೀಗೆಯೇ” ಎನ್ನುವುದಕ್ಕಿಂತ “ನೀವು ವ್ಯಾಯಾಮಕ್ಕೆ ಹೋಗುವುದು ಬೇಡವೆನ್ನುವುದಿಲ್ಲ, ನೀವು ಬರುವವರೆಗೆ ಹಸು, ಮಗು, ಒಲೆ ಮೂರೂ ನನ್ನ ಮೇಲೆಯೇ ಬೀಳುತ್ತವೆ” ಎಂದರೆ ಕೇಳುವವರಿಗೆ ದಾರಿ ಕಾಣುತ್ತದೆ. ಉತ್ತರವೂ ಅಂತೆಯೇ ಇರಲಿ: “ಹಾಗಾದರೆ ಹಾಲು ನಾನು ಹಾಕಿಬರುತ್ತೇನೆ, ಸಂಜೆ ನೀನು ಹೋಗಿ ಬಾ.” ಹೆಂಡತಿಯೂ ಗಂಡನ ಸಾಧನೆಯನ್ನು ಹಂಗಿಸದೆ, ಸಕ್ಕರೆ ಕಾಯಿಲೆ ಹತೋಟಿಗೆ ಬಂದರೆ ಅದು ತನ್ನ ಮನೆಯ ಲಾಭವೇ ಎಂದು ತಿಳಿಯಬೇಕು.

ಕೊನೆಯದಾಗಿ ಒಂದು ಗಂಭೀರವಾದ ಮಾತು. ಗಳಿಸಿದ ಮೈಬಲ ಹೆಂಡತಿಯ ಮೇಲೆ ಕೈಯೆತ್ತುವುದಕ್ಕಲ್ಲ. ಆಕೆಯ ಇಚ್ಛೆಯಿಲ್ಲದೆ ಆಕೆಯನ್ನು ಕೂಡುವುದೂ ಹಿಂಸೆಯೇ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣೆಗಾಗಿ 2005ರಲ್ಲಿ ಕಾಯಿದೆಯಾಗಿದೆ. 181 ಮಹಿಳಾ ಸಹಾಯವಾಣಿಗೆ ಹಗಲಿರುಳೂ ಕರೆ ಮಾಡಬಹುದು.

10. ಒಂದು ವಾರದ ಕ್ರಮ

ಇದು ಒಂದು ಮಾದರಿ ಮಾತ್ರ. ನಿಮ್ಮ ಮನೆಯ ಕೆಲಸಕ್ಕೆ ತಕ್ಕಂತೆ ಬದಲಿಸಿಕೊಳ್ಳಿರಿ.

ಸೋಮವಾರ, ಬುಧವಾರ: ಬೆಳಿಗ್ಗೆ 5-30ರಿಂದ 6-15ರವರೆಗೆ ಗಂಡನ ವ್ಯಾಯಾಮ (ದಂಡೆ, ಬಸ್ಕಿ, ಸೂರ್ಯನಮಸ್ಕಾರ). ಡೇರಿಗೆ ಹಾಲು ಹಾಕುವುದು, ಮಕ್ಕಳನ್ನು ಶಾಲೆಗೆ ಅಣಿಗೊಳಿಸುವುದು ಗಂಡನ ಪಾಲು. ಸಂಜೆ 45 ನಿಮಿಷ ಹೆಂಡತಿಯ ಹೊತ್ತು.

ಮಂಗಳವಾರ, ಗುರುವಾರ: ಬೆಳಗಿನ ಹೊತ್ತು ಹೆಂಡತಿಯದು (ಆಸನ, ನಡು ಮತ್ತು ಭುಜ ಹಿಗ್ಗಿಸುವುದು, ಗೋಡೆಗೆ ಕೈಕೊಟ್ಟು ಮಾಡುವ ದಂಡೆ). ಆ ದಿನ ಕೊಟ್ಟಿಗೆ, ಒಲೆ ಗಂಡನದು.

ಶುಕ್ರವಾರ, ಶನಿವಾರ: ಸಂಜೆ ಇಬ್ಬರೂ ಕೂಡಿ 30 ನಿಮಿಷ ಬಿರುಸು ನಡಿಗೆ. ಮೊಬೈಲು ಮನೆಯಲ್ಲಿಯೇ ಇರಲಿ.

ಭಾನುವಾರ: ವಿಶ್ರಾಂತಿ. ಮಕ್ಕಳೊಡನೆ ಆಟ. ರಾತ್ರಿ ಐದು ನಿಮಿಷ ಕೂತು ಮುಂದಿನ ವಾರದ ಕೆಲಸವನ್ನು ಹಂಚಿಕೊಳ್ಳುವುದು.

11. ವೈದ್ಯರ ಸಲಹೆ ಯಾವಾಗ?

ಹೃದಯದ ತೊಂದರೆ, ಸಕ್ಕರೆ ಕಾಯಿಲೆ, ಆಸ್ತಮಾ ಇರುವವರು, 140/90ಕ್ಕೆ ಮೇಲ್ಪಟ್ಟ ರಕ್ತದೊತ್ತಡವಿರುವವರು ಹೊಸ ವ್ಯಾಯಾಮ ಆರಂಭಿಸುವ ಮೊದಲು ವೈದ್ಯರನ್ನು ಕಾಣಬೇಕು. ವ್ಯಾಯಾಮದ ನಡುವೆ ಎದೆ ಬಿಗಿತ, ಎಡತೋಳಿನ ನೋವು, ವಿಪರೀತ ಬೆವರು, ಕಣ್ಣು ಕತ್ತಲೆ ಬಂದರೆ ಒಡನೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. 30 ವರ್ಷ ದಾಟಿದ ದಂಪತಿಗಳು ವರ್ಷಕ್ಕೊಮ್ಮೆಯಾದರೂ ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತದೊತ್ತಡ, ಸಕ್ಕರೆ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಬೇಕು. ಇಬ್ಬರೂ ಕೂಡಿಯೇ ಹೋಗಿರಿ. ನಿಮ್ಮ ಊರಿನ ಆಶಾ ಕಾರ್ಯಕರ್ತೆ ಇದಕ್ಕೆ ಸಹಾಯ ಮಾಡುತ್ತಾರೆ.

ನೆನಪಿಡಿರಿ

• ವಾರಕ್ಕೆ 150 ನಿಮಿಷದ ವ್ಯಾಯಾಮ ಗಂಡನಿಗೂ ಬೇಕು, ಹೆಂಡತಿಗೂ ಬೇಕು.
• ಒಬ್ಬರು ವ್ಯಾಯಾಮಕ್ಕೆ ಹೋದ ಹೊತ್ತಿನ ಕೆಲಸವನ್ನು ಇನ್ನೊಬ್ಬರು ಹೊರುತ್ತಾರೆ. ಆ ಸಾಲವನ್ನು ಅದೇ ದಿನ ತೀರಿಸಿರಿ.
• ದಾಂಪತ್ಯ ಸಂಬಂಧದಿಂದಾಗಲಿ ಪುರುಷರ ಸಂತಾನ ನಿರೋಧ ಶಸ್ತ್ರಚಿಕಿತ್ಸೆಯಿಂದಾಗಲಿ ಮೈಬಲ ಕುಂದುವುದಿಲ್ಲ.
• ಪುಡಿ, ಚುಚ್ಚುಮದ್ದುಗಳಿಗಿಂತ ರಾಗಿ, ಕಾಳು, ಹಾಲು, ಸೊಪ್ಪು ಮೇಲು. ಅವು ಇಬ್ಬರ ತಟ್ಟೆಯಲ್ಲಿಯೂ ಇರಲಿ.
• ಬಸಿರು, ಬಾಣಂತನ, ಬೆಳೆಯ ಕಾಲಗಳಲ್ಲಿ ನಿಯಮ ಬಾಗಲಿ.

ಚರ್ಚೆಗೆ ಪ್ರಶ್ನೆಗಳು

1. ನಿನ್ನೆಯ ದಿನ ಬೆಳಗಿನಿಂದ ರಾತ್ರಿಯವರೆಗೆ ನಿಮ್ಮಿಬ್ಬರಲ್ಲಿ ಯಾರಿಗೆ ಎಷ್ಟು ಹೊತ್ತು ಬಿಡುವು ದೊರೆಯಿತು? ಇಬ್ಬರೂ ಕೂತು ಲೆಕ್ಕ ಹಾಕಿರಿ.
2. ನಿಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಅವರ ತಟ್ಟೆಗೆ ಕಾಳು, ಹಾಲು ಉಳಿಯುತ್ತದೆಯೇ?
3. ನಾಳೆಯಿಂದ ಗಂಡನು ವಹಿಸಿಕೊಳ್ಳಬಹುದಾದ ಒಂದು ಬೆಳಗಿನ ಕೆಲಸ ಯಾವುದು?